ಕೆರೆಯ ತಳದ ನೀಲಿ ಮಣ್ಣು

ಅದು ಶುರುವಾದದ್ದು ಫಾಲ್ಗುಣದ ಹನ್ನೆರಡನೇ ದಿನ, ಗುರುದ್ವಾರದಲ್ಲಿ ಬೆಳಗಿನ ಗ್ರಂಥಪಾಠ ಮುಗಿದು ಕಡಾ ಪ್ರಸಾದ ಕೈಗೆ ಬೀಳುವ ಹೊತ್ತಿಗೆ. ಹೊರಗೆ ಗೋಧಿ ಸೊಂಟದ ಮಟ್ಟಕ್ಕೆ ಬಂದಿತ್ತು, ಮಂಜು ಇನ್ನೂ ಹೊಲದ ಮೇಲಿಂದ ಎದ್ದಿರಲಿಲ್ಲ. ಗಂಡಸರೆಲ್ಲ ಪ್ರಸಾದ ತಿಂದು ಅಂಗೈಯ ತುಪ್ಪವನ್ನು ಗಡ್ಡಕ್ಕೆ ಸವರಿಕೊಂಡರು. ನಾನು ಹಿಡಿದುಕೊಂಡೇ ಕೂತಿದ್ದೆ. ಅದು ತಣ್ಣಗಾಗಿ ಗಟ್ಟಿಯಾದ ಮೇಲೆ ಪಕ್ಕದಲ್ಲಿದ್ದ ನಾಜರ್ ಮೊಣಕೈಯಿಂದ ತಿವಿದ.

"ಲೋ ಜಂಗೀರ, ತಿನ್ನು. ಇಲ್ಲಾಂದ್ರೆ ನನಗಾದ್ರೂ ಕೊಡು."

ತಿಂದೆ. ಸಿಹಿ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಮಗ ಸುಖಚೈನ್ ತೀರಿಕೊಂಡು ಆಗ ನಾಲ್ಕು ತಿಂಗಳು. ಮೂವತ್ತಾರು ವರ್ಷದವನು. ಹತ್ತಿಗೆ ಔಷಧಿ ಹೊಡೆದು ಹೊಡೆದು ಹಾಗಾಯಿತು ಅಂದವರು ಕೆಲವರು, ಬೋರಿನ ನೀರಿನಿಂದ ಅಂದವರು ಕೆಲವರು. ಡಾಕ್ಟರು ಎರಡನ್ನೂ ಅನ್ನಲಿಲ್ಲ. ಗಡ್ಡೆ ಎಷ್ಟು ದಪ್ಪ ಇದೆ ಅಂತ ಬೆರಳಲ್ಲಿ ಅಳತೆ ಮಾಡಿ ತೋರಿಸಿದರು, ಅಷ್ಟೆ.

ಆ ಬೆಳಿಗ್ಗೆ ಅವನ ಹೆಂಡತಿ ನವರೂಪ್ ನೆರೆದ ಸಂಗತ್ತಿನ ಮುಂದೆ ಎದ್ದು ನಿಂತಳು. ಕೃಷಿ ಓದಿದ ಹುಡುಗಿ. ಮದುವೆಯಾಗಿ ಬಂದ ಎಂಟು ವರ್ಷದಲ್ಲಿ ಅವಳು ಊರವರ ಮುಂದೆ ಮಾತಾಡಿದ್ದು ಅದೇ ಮೊದಲು.

"ಕೆರೆಯಿಂದ ಶುರು ಮಾಡೋಣ ಅಂತೀನಿ," ಅಂದಳು. "ಊರಿನ ಚರಂಡಿಯೆಲ್ಲ ಅದಕ್ಕೇ ಬೀಳುತ್ತೆ. ಹೂಳು ತೆಗೆದು, ಚರಂಡಿ ಬಾಯಿಗೆ ಮೂರು ಗುಂಡಿ ತೋಡಿ, ಜೊಂಡು ನೆಟ್ಟರೆ ನೀರು ತಿಳಿಯಾಗುತ್ತೆ. ಆ ನೀರು ಹೊಲಕ್ಕೆ ಬಂದ್ರೆ ಬೋರು ನಿಲ್ಲಿಸಬಹುದು. ಭತ್ತ ಬಿಟ್ಟು ಜೋಳ, ಹೆಸರು, ತರಕಾರಿ ಹಾಕಬಹುದು. ಭತ್ತವೇ ಇಲ್ಲದಿದ್ರೆ ಕೂಳೆಗೆ ಬೆಂಕಿ ಇಡೋ ಮಾತೂ ಇಲ್ಲ. ಆಮೇಲೆ ಸ್ಮಶಾನದ ಪಕ್ಕ ಮರ ಹಾಕೋಣ. ಲಂಗರಿನ ಅಡುಗೆ ಒಲೆಗೆ ಸಗಣಿ ಗ್ಯಾಸು. ಒಂದೊಂದಾಗಿ ಮಾಡ್ತಾ ಹೋದ್ರೆ ಇದು ಹಸಿರು ಊರಾಗುತ್ತೆ."

"ಹಸಿರು ಊರು ಅಂದ್ರೆ, ಗೋಡೆಗೆಲ್ಲ ಬಣ್ಣ ನೀನೇ ಕೊಡಿಸ್ತೀಯಾ ಬೀಬಿ?" ಅಂದ ನಾಜರ್.

ಜನ ನಕ್ಕರು. ನವರೂಪ್ ಕೂಡ ನಕ್ಕಳು. "ಮೊದಲು ನಿಮ್ಮ ಗಡ್ಡಕ್ಕೆ ಕೊಡ್ತೀನಿ ತಾಯಾಜಿ," ಅಂದಳು, ದೊಡ್ಡಪ್ಪನನ್ನು ಕರೆಯುವ ಹಾಗೆ. ಆಗ ಇನ್ನೂ ಜೋರಾಗಿ ನಕ್ಕರು. ಊರು ಅವಳ ಕಡೆಗೆ ವಾಲಿದ್ದು ಅಲ್ಲೇ ಅಂತ ನನಗೆ ಅನಿಸುತ್ತದೆ.

ಸರಪಂಚ ದರಬಾರಾ ಸಿಂಗ್ ಕೇಳಿದ, ಯಾರು ಯಾರು ಭತ್ತ ಬಿಡ್ತೀರಿ ಅಂತ. ಹನ್ನೊಂದು ಮನೆಯವರು ಕೈ ಎತ್ತಿದರು. ಅವರದೂ ಒಂದು ಮಾತಿತ್ತು. ಜ್ಯೇಷ್ಠ ಮುಗಿಯುವುದರೊಳಗೆ ಕೆರೆಯ ನೀರು ನಮ್ಮ ಬದುವಿಗೆ ಬರಬೇಕು. ಬಂದರೆ ಭತ್ತ ಬಿಟ್ಟೆವು, ಔಷಧಿ ಬಿಟ್ಟೆವು. ಬರಲಿಲ್ಲವೋ, ಎಲ್ಲರ ಹಾಗೆ ನಾವೂ ನಾಟಿ ಮಾಡುತ್ತೇವೆ.

ಆ ಮಧ್ಯಾಹ್ನ ನವರೂಪ್ ನನಗೂ ನನ್ನ ಹೆಂಡತಿ ಬಚಿಂತ್ ಕೌರಳಿಗೂ ರೊಟ್ಟಿ ಬಡಿಸುತ್ತ ತನ್ನ ಮಾತನ್ನೂ ಹೇಳಿದಳು. ಅವಳ ಮಗಳು ಮೆಹರ್, ಆರು ವರ್ಷದವಳು, ಅಂಗಳದ ಹ್ಯಾಂಡ್ ಪಂಪಿಗೆ ಬಾಯಿ ಕೊಟ್ಟು ನೀರು ಕುಡಿಯುತ್ತಿದ್ದಳು.

"ಬಾಪೂಜಿ, ನಮ್ಮಣ್ಣ ಕರೀತಾನೇ ಇದಾನೆ. ಬೆಟ್ಟದ ಬುಡದ ಊರು, ಅಲ್ಲಿ ನೀರು ಚೆನ್ನಾಗಿದೆ, ಶಾಲೆಯಲ್ಲಿ ನನಗೆ ಕೆಲಸವೂ ಇದೆ. ನಾನು ಹೋಗಿಲ್ಲ. ಈ ಊರು ಬದಲಾಗುತ್ತೆ ಅಂತ ಕಂಡರೆ ಮೆಹರ್‌ನ ಇಲ್ಲೇ ಬೆಳೆಸ್ತೀನಿ. ಇಲ್ಲಾಂದ್ರೆ ಆಷಾಢಕ್ಕೆ ಹೊರಡ್ತೀನಿ. ಅವಳು ಈ ನೀರು ಕುಡಿಯೋದನ್ನ ನೋಡ್ತಾ ಕೂರೋಕೆ ನನ್ನ ಕೈಲಿ ಆಗಲ್ಲ."

ಬಚಿಂತ್ ನನ್ನ ಮುಖ ನೋಡಿದಳು. ನಾನು ದಾಲಿನಲ್ಲಿ ರೊಟ್ಟಿ ಅದ್ದಿದೆ.

"ನಿಮ್ಮಿಂದ ನನಗೆ ಒಂದೇ ಒಂದು ಕೆಲಸ ಆಗ್ಬೇಕು," ಅಂದಳು ನವರೂಪ್. "ಎಷ್ಟು ಆಳ ಅಗೀಬೇಕು ಅಂತ ಈ ಊರಲ್ಲಿ ಗೊತ್ತಿರೋದು ನಿಮಗೊಬ್ಬರಿಗೇ."

ಅದು ನಿಜ. ನಮ್ಮದು ಮರಳು ದಿಬ್ಬದ ಊರು, ಝಂಡೇ ಟಿಬ್ಬಾ. ಎಲ್ಲಿ ಅಗೆದರೂ ಮರಳು. ಇಲ್ಲಿ ನೀರು ತಾನಾಗಿ ನಿಲ್ಲುವುದಿಲ್ಲ, ನಿಲ್ಲಿಸಬೇಕು. ನನಗೆ ಹದಿನೈದು ವರ್ಷವಿದ್ದಾಗ ನಮ್ಮಪ್ಪ ಮತ್ತು ಊರಿನವರು ಎರಡು ಚಳಿಗಾಲ ಎತ್ತಿನ ಗಾಡಿಯಲ್ಲಿ ನದಿ ಕಡೆಯಿಂದ ನೀಲಿ ಜೇಡಿ ತಂದು ಕೆರೆಯ ತಳಕ್ಕೆ ಹಾಸಿದರು. ಹೊಟ್ಟು ಬೆರೆಸಿ, ನೀರು ಚಿಮುಕಿಸಿ, ಹದಿನಾಲ್ಕು ಎಮ್ಮೆಗಳನ್ನು ಅದರ ಮೇಲೆ ಸುತ್ತಿಸಿದರು. ಒಂದು ತಿಂಗಳು ಎಮ್ಮೆಗಳ ಹಿಂದೆ ನಡೆದವನು ನಾನು. ನಡೆಯುತ್ತಲೇ ನಿದ್ದೆ ಮಾಡುವುದನ್ನು ಅಲ್ಲಿ ಕಲಿತೆ. ಕೊನೆಗೆ ತಳ ಎಷ್ಟು ಗಟ್ಟಿಯಾಯಿತೆಂದರೆ ಎಮ್ಮೆಯ ಗೊರಸು ಕೂಡ ಮೂಡುತ್ತಿರಲಿಲ್ಲ. ಒಂದು ಮೊಳ ದಪ್ಪ, ಅದರ ಕೆಳಗೆ ಬರೀ ಮರಳು. ಆ ಕೆಲಸ ಮಾಡಿದವರಲ್ಲಿ ಉಳಿದವನು ನಾನೊಬ್ಬ.

"ಕಪ್ಪು ಹೂಳೆಲ್ಲ ತೆಗೀಬಹುದು," ಅಂದೆ. "ನೀಲಿ ಮಣ್ಣು ಕಂಡ ತಕ್ಷಣ ನಿಲ್ಲಿಸ್ಬೇಕು. ಒಂದು ಗುದ್ದಲಿ ಕೂಡ ಬೀಳಬಾರದು."

"ಹಾಗಾದ್ರೆ ನಿಲ್ಲಿಸೋರು ನೀವೇ," ಅಂದಳು.

ನವರೂಪ್ ಮಣ್ಣು ತೆಗೆಯುವ ಯಂತ್ರ ತರಿಸೋಣ ಅಂದಿದ್ದಳು. ಎರಡು ದಿನದಲ್ಲಿ ಮುಗಿಯುತ್ತಿತ್ತು. ಹಿರಿಯ ಹೆಂಗಸರು ಒಪ್ಪಲಿಲ್ಲ. ಗುರುಮನೆಯ ಗೋಡೆಗೆ ತಾಗಿದ ಕೆರೆ, ಅದಕ್ಕೆ ಯಂತ್ರ ಇಳಿಸುವುದೇ? ಕಾರ್ ಸೇವೆ ಆಗಲಿ ಅಂದರು. ಕೈಯಿಂದ ಅಗೆದು ತಲೆಯ ಮೇಲೆ ಹೊತ್ತು ಹಾಕುವ ಸೇವೆ. ಸರಪಂಚ ಹೋಗಿ ಕಾರ್ ಸೇವೆಯ ಬಾಬಾ ಖಜಾನ್ ಸಿಂಗರನ್ನು ಕರೆತಂದ. ಬಾಬಾ ಒಳ್ಳೆಯವರು, ನಗುನಗುತ್ತಲೇ ಇರುವವರು. ಗುರುದ್ವಾರದ ಹಿಂದೆ, ಬಂದವರಿಗೆಲ್ಲ ಊಟ ಹಾಕುವ ಹೊಸ ಲಂಗರು ಮನೆ ಕಟ್ಟಲು ತಳಪಾಯ ತೋಡಿಸಿದ್ದರು. ಕೆರೆಯ ಮಣ್ಣು ಅದಕ್ಕೇ ತುಂಬಿದರಾಯಿತು ಅಂದರು. ಎಲ್ಲರಿಗೂ ಅದು ಸರಿ ಕಂಡಿತು.

ಚೈತ್ರದಲ್ಲಿ, ಗೋಧಿ ಹಳದಿಗೆ ತಿರುಗುವಾಗ, ಕೆರೆಯ ನೀರು ಖಾಲಿ ಮಾಡಿಸಿ, ಅರ್ದಾಸ್ ಪ್ರಾರ್ಥನೆ ಮಾಡಿ ಸೇವೆ ಶುರು ಮಾಡಿದರು. ಗುರುವಾರ ಮೊದಲಾಯಿತು. ನಮ್ಮೂರಿನ ಇನ್ನೂರು ಜನ. ಗಂಡಸರು ಅಗೆದು ಕಬ್ಬಿಣದ ಬುಟ್ಟಿ ತುಂಬುವುದು, ಹೆಂಗಸರು ಮಕ್ಕಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವುದು. ಬಾಯಲ್ಲಿ ವಾಹೆಗುರು ವಾಹೆಗುರು. ಹೂಳಿನ ವಾಸನೆಗೆ ಮೊದಲ ದಿನ ನಾಲ್ಕಾರು ಜನ ವಾಂತಿ ಮಾಡಿಕೊಂಡರು, ಬಾಯಿ ತೊಳೆದುಕೊಂಡು ಮತ್ತೆ ಇಳಿದರು. ನವರೂಪ್ ಸಲ್ವಾರನ್ನು ಮೊಣಕಾಲಿಗೆ ಮಡಚಿ ಸಾಲಿನ ಮಧ್ಯೆ ನಿಂತಿದ್ದಳು. ಸುಖಚೈನ್ ಹೋದ ಮೇಲೆ ಅವಳ ಮುಖ ಕೆಂಪಗಾಗಿದ್ದನ್ನು ನಾನು ನೋಡಿದ್ದು ಆಗಲೇ.

ನನ್ನನ್ನು ದಡದ ಮೇಲೆ ಮಂಚ ಹಾಕಿ ಕೂರಿಸಿದ್ದರು. ಕೈಯಲ್ಲಿ ಒಂದು ಕೋಲು, ಅದರ ತುದಿಗೆ ಕೆಂಪು ಬಟ್ಟೆ. ನಾನು ಅದನ್ನು ಎತ್ತಿದರೆ ಬಾಬಾ ಜಯಘೋಷ ಹಾಕಿ ಸೇವೆ ನಿಲ್ಲಿಸಬೇಕು ಅನ್ನುವುದು ಒಪ್ಪಂದ.

"ರೈಲ್ವೆಯಲ್ಲಿ ಕೆಲಸ ಸಿಕ್ತು ನೋಡು ನಿನಗೆ," ಅಂತ ನಾಜರ್ ಕೆಳಗಿನಿಂದ ಕೂಗಿದ. "ನೋಡಪ್ಪ, ಗಾಡಿ ಹೋದಮೇಲೆ ಕೆಂಪು ತೋರಿಸಬೇಡ."

ಶನಿವಾರ ಸಂಜೆಗೆ ತಳದ ತೆಳು ಪದರವೊಂದು ಬಿಟ್ಟು ಕಪ್ಪು ಹೂಳು ಮುಗಿಯಿತು. ಭಾನುವಾರ ಬೆಳಿಗ್ಗೆ ಮೂಲೆಗಳನ್ನು ಕೆರೆದು ಹತ್ತು ಗಂಟೆಗೆಲ್ಲ ಮುಗಿಸುವುದು ಅಂತ ಆಯಿತು.

ಭಾನುವಾರ ಒಂಬತ್ತಕ್ಕೆ ಜನ ತುಂಬಿದ ಟ್ರ್ಯಾಕ್ಟರ್ ಟ್ರಾಲಿಗಳು ಬರತೊಡಗಿದವು. ಮೊದಲು ಪಕ್ಕದ ಊರಿನವು ಎರಡು, ಆಮೇಲೆ ಐದು, ಆಮೇಲೆ ನಾನು ಎಣಿಸಲಿಲ್ಲ. ಸೇವೆಯ ಸುದ್ದಿ ಹಬ್ಬಿತ್ತು. ಎಲ್ಲರೂ ಮಿಂದು ಮಡಿಯುಟ್ಟು ಬಂದವರು. ಮುದುಕಿಯರು ಹಾಲಿನ ಕ್ಯಾನು ತಂದಿದ್ದರು, ಗಂಡಸರು ಹಿಟ್ಟಿನ ಮೂಟೆ ಇಳಿಸಿದರು. ಬಂದವರೆಲ್ಲ ಕೇಳಿದ್ದು ಒಂದೇ, ನಮಗೂ ಐದು ಬುಟ್ಟಿ ಕೊಡಿ.

ಸೇವೆಗೆ ಬಂದವರಿಗೆ ಇಲ್ಲ ಅನ್ನುವುದು ನಮ್ಮಲ್ಲಿ ಇಲ್ಲ. ಹಸಿದವನಿಗೆ ಲಂಗರಿನಲ್ಲಿ ರೊಟ್ಟಿ ಮುಗಿಯಿತು ಅಂದ ಹಾಗೆ ಅದು. ಬಾಬಾ ಎಲ್ಲರನ್ನೂ ಕೈ ಮುಗಿದು ಕೆಳಗೆ ಇಳಿಸಿದರು.

ನವರೂಪ್ ಅಡುಗೆಯ ಕಡೆ ಹೋಗಬೇಕಾಯಿತು. ಅಷ್ಟು ಜನಕ್ಕೆ ದಾಲು ಬೇಯಿಸಬೇಕಿತ್ತು. ಹೋಗುವಾಗ ನನ್ನ ಮಂಚದ ಹತ್ತಿರ ನಿಂತಳು.

"ಬಾಪೂಜಿ, ನೀವಿದೀರಲ್ಲ?"

"ಇದೀನಿ," ಅಂದೆ.

ಹತ್ತೂವರೆ ಇರಬೇಕು. ನನ್ನ ಎದುರಿನ ಬಡಗಣ ಮೂಲೆಯಿಂದ ಒಬ್ಬ ಹೆಂಗಸು ಬುಟ್ಟಿ ಹೊತ್ತು ದಡ ಹತ್ತಿದಳು. ಬಿಳಿ ದುಪ್ಪಟ್ಟಾ. ನನಗಿಂತ ಸ್ವಲ್ಪ ಚಿಕ್ಕವಳು. ನನ್ನ ಮುಂದೆಯೇ ಹಾದುಹೋದಳು. ಬುಟ್ಟಿಯ ಮಣ್ಣಿನಲ್ಲಿ ಗುದ್ದಲಿ ಬಿದ್ದ ಕಡೆ ನೀಲಿ ಹೊಳೆಯುತ್ತಿತ್ತು, ಹೊಸದಾಗಿ ಕೊಯ್ದ ಹಾಗೆ. ಅರವತ್ತು ವರ್ಷದ ಮೇಲೆ ನಾನು ಆ ಮಣ್ಣನ್ನು ನೋಡಿದೆ.

ಅವಳು ಮಣ್ಣು ಸುರಿದು ಬರುವಾಗ ಪಕ್ಕದವಳು ಕೇಳಿದಳು, "ಯಾರ ಹೆಸರಲ್ಲಿ ಮಾಡ್ತಿದೀಯ ಅಕ್ಕ?"

"ನನ್ನ ಹುಡುಗನ ಹೆಸರಲ್ಲಿ. ಇನ್ನು ಮೂರು ಬುಟ್ಟಿ ಇದೆ," ಅಂದಳು.

ಕೋಲು ನನ್ನ ತೊಡೆಯ ಮೇಲಿತ್ತು. ಅವಳಿಗೆ ಮೂರು ಆಗಲಿ, ಆಮೇಲೆ ಎತ್ತುತ್ತೇನೆ ಅಂದುಕೊಂಡೆ. ಅವಳ ಮೂರು ಆಯಿತು. ಅವಳ ಹಿಂದೆ ಒಬ್ಬ ಕುಂಟ ಮುದುಕ ಬಂದ, ಅವನಿಗೆ ಎರಡು ಬಾಕಿ. ಅವನ ಹಿಂದೆ ಹಸುಗೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬಳು ಬಂದಳು. ಒಂದೊಂದು ಬುಟ್ಟಿಯಲ್ಲೂ ನೀಲಿ. ನಾನು ನೋಡುತ್ತಿದ್ದೆ. ನನ್ನ ಕೈ ನನ್ನದಲ್ಲ ಅನ್ನುವ ಹಾಗಿತ್ತು. ಇವರನ್ನೆಲ್ಲ ಯಾರು ತಡೆಯಬೇಕು ಅಂತ ನೋಡುತ್ತಿದ್ದೆ, ತಡೆಯಬೇಕಾದವನು ನಾನಲ್ಲ ಅನ್ನುವ ಹಾಗೆ.

ಭಯವಾಗಲಿಲ್ಲ. ಸಂಕಟವೂ ಆಗಲಿಲ್ಲ. ವಾಹೆಗುರು ವಾಹೆಗುರು ಅನ್ನುವ ಸದ್ದು, ಬಿಸಿಲು, ಬುಟ್ಟಿಗಳು. ಎರಡು ಗಂಟೆಗೆ ಬಾಬಾ ತಾವಾಗಿಯೇ ಜಯಘೋಷ ಹಾಕಿದರು. ಕೆರೆಯ ತಳ ಸಮವಾಗಿ, ಚೊಕ್ಕವಾಗಿ ಕಾಣುತ್ತಿತ್ತು. ಕಂದು ಬಣ್ಣದ ಮರಳು.

ನವರೂಪ್ ಓಡಿ ಬಂದಳು. "ಸರಿಯಾಗಿ ನಿಲ್ಲಿಸಿದ್ರಾ ಬಾಪೂಜಿ?"

ನಾನು ತಲೆ ಆಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ಅದರಲ್ಲಿ ಗೊತ್ತಾಗುವಂತಿರಲಿಲ್ಲ. ಅವಳು ಹೌದು ಅಂದುಕೊಂಡಳು. ತಳದ ಮೇಲೆ ಸಾವಿರ ಜನ ಓಡಾಡಿ ಹೂಳಿನ ತೆಳು ಪದರ ಬಳಿದಿತ್ತು. ನೋಡಿದವರಿಗೆ ಎಲ್ಲ ಒಂದೇ.

ಕಾಲುವೆಯ ಸರದಿ ಬಂದಾಗ ಕೆರೆಗೆ ನೀರು ಬಿಟ್ಟರು. ವೈಶಾಖಿ ಹಬ್ಬದ ದಿನ ನೀರು ನಿಂತಿತ್ತು, ಆಕಾಶ ಅದರೊಳಗೆ ಕಾಣುತ್ತಿತ್ತು. ಮೂರು ಗುಂಡಿಯ ಸುತ್ತ ಜೊಂಡು ಚಿಗುರಿತ್ತು. ನವರೂಪ್ ಮೆಟ್ಟಿಲ ಬಳಿ ಒಂದು ಗೂಟ ನೆಟ್ಟು, ಅದಕ್ಕೆ ಬೆರಳಗಲಕ್ಕೊಂದು ಗೆರೆ ಕೊರೆದಳು. ದಿನಾ ಬೆಳಿಗ್ಗೆ ನೀರು ಯಾವ ಗೆರೆಯಲ್ಲಿದೆ ಅಂತ ನೋಡುವುದು ಮೆಹರ್‌ಳ ಕೆಲಸ.

"ತಾತ, ಇವತ್ತು ಮೂರು ಗೆರೆ ಕೆಳಗೆ," ಅನ್ನುತ್ತ ನನ್ನ ಮಂಚಕ್ಕೆ ಬರುತ್ತಿದ್ದಳು.

ಮೊದಲು ಬಿಸಿಲು ಕುಡಿಯಿತು ಅಂದರು. ಹೊಸ ಮಣ್ಣು ಹೀರುತ್ತೆ, ಆಮೇಲೆ ನಿಲ್ಲುತ್ತೆ ಅಂದರು. ದಿನಕ್ಕೆ ನಾಲ್ಕು ಗೆರೆ ಇಳಿಯಿತು. ವೈಶಾಖದ ಕೊನೆಗೆ ಚರಂಡಿಯಿಂದ ಬಂದ ನೀರೂ ನಿಲ್ಲಲಿಲ್ಲ. ಕೆರೆಯ ನಡುವೆ ಹಾಸಿಗೆಯಷ್ಟು ಅಗಲದ ಕೊಚ್ಚೆ, ಅದರ ಸುತ್ತ ಬಿರಿದ ಮರಳು. ಗೂಟ ಬುಡದವರೆಗೂ ಒಣಗಿತು. ಆದರೂ ಮೆಹರ್ ದಿನಾ ಹೋಗಿ ನೋಡಿ ಬರುತ್ತಿದ್ದಳು.

ನವರೂಪ್ ಒಂದು ದಿನ ಸಲಾಕೆ ತೆಗೆದುಕೊಂಡು ಇಳಿದು ಹತ್ತು ಕಡೆ ಚುಚ್ಚಿದಳು. ಬಡಗಣ ಮೂಲೆಯಲ್ಲಿ ನಾಲ್ಕು ಮಾರು ಬಿಟ್ಟರೆ ಎಲ್ಲೂ ನೀಲಿ ಮಣ್ಣು ಇರಲಿಲ್ಲ. ಮೇಲೆ ಬಂದು ಕೈ ತೊಳೆದುಕೊಂಡಳು. ನನ್ನನ್ನು ಏನೂ ಕೇಳಲಿಲ್ಲ. "ಬಾಪೂಜಿ, ನನ್ನ ಜೊತೆ ಬನ್ನಿ," ಅಂದಳು.

ಲಂಗರು ಮನೆಯ ಗೋಡೆ ಆಗಲೇ ಆಳೆತ್ತರ ಎದ್ದಿತ್ತು. ಒಳಗೆ ನೆಲ ಕುಟ್ಟಿ, ಅಮೃತಶಿಲೆಯ ಹಾಸು ಅರ್ಧ ಮುಗಿಸಿದ್ದರು. ಬಾಬಾ ಮತ್ತು ಸರಪಂಚ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದರು. ನವರೂಪ್ ನಿಂತುಕೊಂಡೇ ಹೇಳಿದಳು, ನೀಲಿ ಮಣ್ಣು ಈ ನೆಲದ ಕೆಳಗಿದೆ, ಅದು ವಾಪಸ್ಸು ಬೇಕು, ಹಾಸಿ ಎಮ್ಮೆ ತುಳಿಸಿದರೆ ಇನ್ನೂ ಕೆರೆ ಉಳಿಯುತ್ತದೆ ಅಂತ.

ಬಾಬಾ ನಗಲಿಲ್ಲ. ಬಹಳ ಮೆತ್ತಗೆ ಮಾತಾಡಿದರು. "ಬೀಬಿ, ಇದು ಸೇವೆಯ ಮಣ್ಣು. ಒಬ್ಬೊಬ್ಬರೂ ಒಂದೊಂದು ಹೆಸರು ಹೇಳಿ ತಂದು ಹಾಕಿದಾರೆ. ಅರ್ದಾಸ್ ಆಗಿದೆ. ಅದನ್ನ ಅಗೆದು ಹೊರಗೆ ಹಾಕು ಅಂತ ನಾನು ಯಾರಿಗೆ ಹೇಳ್ಲಿ?"

"ಕೆರೆಗೂ ಅರ್ದಾಸ್ ಆಗಿತ್ತಲ್ಲ ಬಾಬಾಜಿ."

"ಆಗಿತ್ತು," ಅಂದರು ಬಾಬಾ. ಚಹಾದ ಲೋಟ ಕೆಳಗಿಟ್ಟರು.

ಸರಪಂಚ ನನ್ನ ಕಡೆ ತಿರುಗಿದ. "ತಾಯಾ, ನೀನೇ ಹೇಳು. ನಿಮ್ಮಪ್ಪ ಇದ್ದಿದ್ರೆ ಗುರುಮನೆಯ ನೆಲ ಅಗೀತಿದ್ನಾ?"

ನಾನು ಅಮೃತಶಿಲೆಯ ಅಂಚು ನೋಡುತ್ತಿದ್ದೆ. ನೇರವಾಗಿ ಕೂತಿತ್ತು, ಒಳ್ಳೆ ಕೆಲಸಗಾರ. ನವರೂಪ್ ನನ್ನ ಮಾತಿಗೆ ಕಾದಳು. ಆಮೇಲೆ ದುಪ್ಪಟ್ಟಾ ಎಳೆದುಕೊಂಡು ಹೊರಟಳು. ನಾನು ಅವಳ ಹಿಂದೆ ನಡೆದೆ.

ಹೊಸ ಜೇಡಿ ತರಬೇಕೆಂದರೆ ಟ್ರಾಲಿಯಿದ್ದರೂ ಒಂದು ಚಳಿಗಾಲ ಬೇಕು. ಹನ್ನೊಂದು ಮನೆಯವರು ಅಷ್ಟು ಕಾಯುವವರಲ್ಲ. ಜ್ಯೇಷ್ಠ ಮುಗಿಯುವ ಮೊದಲೇ ಒಬ್ಬೊಬ್ಬರಾಗಿ ಬೋರು ಚಾಲೂ ಮಾಡಿದರು. ಕೊನೆಗೆ ಉಳಿದವನು ನಾಜರ್. ಅವನು ನಮ್ಮ ಅಂಗಳಕ್ಕೆ ಬಂದು, ಚಪ್ಪಲಿ ಬಿಡದೆ ನಿಂತ.

"ನವರೂಪ್ ಬೀಬಿ, ನಾಳೆ ನಾನೂ ಸಸಿ ಕೀಳಿಸಿ ಭತ್ತ ನಾಟಿ ಮಾಡಿಸ್ತಿದೀನಿ."

"ಗೊತ್ತಾಯ್ತು ತಾಯಾಜಿ. ಲಸ್ಸಿ ಕುಡೀರಿ."

"ನನ್ನ ಗಡ್ಡಕ್ಕೆ ಬಣ್ಣ ಕೊಡ್ತೀನಿ ಅಂದಿದ್ದೆ ನೀನು."

"ಬರೋ ವರ್ಷ," ಅಂದಳು. ನಾಜರ್ ಲಸ್ಸಿ ಕುಡಿದು ಲೋಟವನ್ನು ತಾನೇ ತೊಳೆದಿಟ್ಟು ಹೋದ. ಅವನು ಹಾಗೆ ಮಾಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಮಾರನೇ ಮಧ್ಯಾಹ್ನ ನವರೂಪ್ ಹೆಬ್ಬೇವಿನ ಮರದ ಕೆಳಗೆ ಕೂತು ಸುಖಚೈನನ ಅಂಗಿಗಳನ್ನು ಮಡಚುತ್ತಿದ್ದಳು. ಒಂದಷ್ಟು ಕೊಡುವುದಕ್ಕೆ, ಎರಡು ಇಟ್ಟುಕೊಳ್ಳುವುದಕ್ಕೆ. ನಾನು ಎದುರಿನ ಮಂಚದಲ್ಲಿ ಕೂತೆ.

"ಮಗಾ," ಅಂದೆ. "ನೀಲಿ ಮಣ್ಣು ನನಗೆ ಕಂಡಿತ್ತು. ಹತ್ತೂವರೆಗೇ ಕಂಡಿತ್ತು."

ಅವಳು ಅಂಗಿಯ ತೋಳು ಒಳಗೆ ಮಡಚಿದಳು. "ಗೊತ್ತು. ಬಡಗಣ ಮೂಲೆ ನಿಮ್ಮ ಮಂಚದ ಎದುರಿಗೇ ಇದೆ."

"ಅವರನ್ನ ಹೇಗೆ ತಡೀಲಿ ಅಂತ..."

"ಕಷ್ಟವೇ. ನಾನಾಗಿದ್ರೂ ಕಷ್ಟವೇ ಆಗ್ತಿತ್ತು." ಅಂಗಿಯ ಗುಂಡಿ ಹಾಕಿದಳು. "ನಾನು ಹೊರಟಿರೋದು ಕೆರೆ ಹೋಯ್ತು ಅಂತಲ್ಲ ಬಾಪೂಜಿ. ಕೆರೆ ಆದ್ರೆ ಬರೋ ಚಳಿಗಾಲಕ್ಕೆ ಮಣ್ಣು ತಂದೇನು, ಊರವರನ್ನ ಮತ್ತೆ ಬೇಡ್ಕೊಂಡೇನು. ಮೆಹರ್ ಅಪ್ಪ ಬಾಯಿಗೆ ಬಟ್ಟೆ ಕೂಡ ಕಟ್ಟಿಕೊಳ್ಳದೆ ಔಷಧಿ ಹೊಡೀತಿದ್ರು. ನೀವು ಬದುವಿನ ಮೇಲೆ ಕೂತಿರ್ತಿದ್ರಿ. ಕತ್ತಿನ ಗಡ್ಡೆ ನನಗಿಂತ ಮೊದಲು ಕಂಡದ್ದು ನಿಮಗೆ. ತಲೆಗೆ ಎಣ್ಣೆ ಹಚ್ಚುವಾಗ ಕೈಗೆ ಸಿಕ್ತು ಅಂತ ನೀವೇ ಆಮೇಲೆ ಹೇಳಿದ್ರಿ. ಮೂರು ತಿಂಗಳು ಆದಮೇಲೆ ಹೇಳಿದ್ರಿ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

"ನಾಳೆ ಮೆಹರ್‌ಗೆ ಏನಾದ್ರೂ ಕಂಡರೆ ಈ ಮನೆಯಲ್ಲಿ ಯಾರಾದರೂ ಕೂಗಬೇಕು," ಅಂದಳು. ಅವಳ ದನಿ ಏರಲಿಲ್ಲ. ಮಡಚಿದ ಅಂಗಿಯನ್ನು ಇಟ್ಟುಕೊಳ್ಳುವ ಕಡೆಗೆ ಇಟ್ಟಳು.

ಅವಳ ಅಣ್ಣ ಕಾರು ತಂದ ದಿನ ಮನೆ ತುಂಬ ಜನ. ನನ್ನ ತಮ್ಮನ ಸೊಸೆಯಂದಿರು, ಅವರ ಮಕ್ಕಳು, ಓಣಿಯ ಹೆಂಗಸರು. ಬಚಿಂತ್ ಡಬ್ಬಿಗೆ ಪಂಜೀರಿ ಸಿಹಿ ತುಂಬುತ್ತ, ತುಪ್ಪ ಸಾಲದು ಅಂತ ಮತ್ತೆ ಮತ್ತೆ ಬೈಯುತ್ತಿದ್ದಳು, ಯಾರನ್ನು ಬೈಯುತ್ತಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ. ನಾಲ್ಕೂ ಕಡೆ ಹೊಲದಲ್ಲಿ ನೀರು ನಿಲ್ಲಿಸಿ ನಾಟಿ ಮಾಡುತ್ತಿದ್ದರು. ಬೋರುಗಳ ಸದ್ದು ಒಂದೇ ಸಮನೆ ಬರುತ್ತಿತ್ತು.

ಮೆಹರ್ ಕೆರೆಗೆ ಹೋಗಿ ಗೂಟ ಕಿತ್ತುಕೊಂಡು ಬಂದಳು. "ತಾತ, ಇದನ್ನ ತಗೊಂಡು ಹೋಗ್ಲಾ? ಮಾಮನ ಊರಲ್ಲಿ ಹಳ್ಳ ಇದೆ."

"ತಗೊಂಡು ಹೋಗು," ಅಂದೆ.

ನವರೂಪ್ ನನ್ನ ಪಾದ ಮುಟ್ಟಲು ಬಗ್ಗಿದಳು. ತಲೆಯ ಮೇಲೆ ಕೈಯಿಟ್ಟೆ. ಅವಳು ನೆಟ್ಟಗಾಗಿ ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ನಿಂತಳು, ಲಂಗರು ಮನೆಯ ಮುಂದೆ ನಿಂತಿದ್ದ ಹಾಗೆಯೇ. ಬಚಿಂತ್ ಕೂಡ ನೋಡಿದಳು. ನಾನು ಬಾಯಿ ತೆರೆದೆ.

"ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದೆ," ಅಂದೆ. "ದಾರೀಲಿ ಹಾಕಿಸ್ಕೊಳ್ಳಿ."

"ಆಗಲಿ ಬಾಪೂಜಿ," ಅಂದಳು.

ಕಾರು ಗುರುದ್ವಾರದ ಮೂಲೆಯಲ್ಲಿ ತಿರುಗಿತು. ನವರೂಪ್ ಮತ್ತು ಮೆಹರ್ ನಮ್ಮೂರು ಬಿಟ್ಟು ಹೊರಟದ್ದು ಆಷಾಢ ಹುಟ್ಟಿದ ಸಂಕ್ರಾಂತಿಯ ದಿನ, ಶನಿವಾರ.